ಅಮ್ಮ ಈಗ ಎಣ್ಣೆ ಮುಟ್ಟುವುದಿಲ್ಲ

ಅಕ್ಕಾ,

ಇದನ್ನು ಓದುವಾಗಲೂ ನೀನು ಕತ್ತು ತಿರುಗಿಸದೆ ಕಣ್ಣು ಮಾತ್ರ ಹೊರಳಿಸುತ್ತೀ ಎಂದೇ ನನಗೆ ಅನಿಸುವುದು. ಅಲ್ಲಿಯಾದರೂ ಕತ್ತು ತಿರುಗುತ್ತದಾ?

ನೀನು ಗೇರುಮರದಿಂದ ಬಿದ್ದದ್ದು ನೆನಪಿದೆಯಾ? ಬೆನ್ನಿನಲ್ಲಿ ನಿಂಬೆಹಣ್ಣಿನಷ್ಟು ಗಂಟು, ಮುಟ್ಟಿದರೆ ಬಿಸಿ. ನಮ್ಮೂರು ಪೈವಳಿಕೆಯ ಅರ್ಧ ಹಸುಗೂಸುಗಳನ್ನು ಎಣ್ಣೆ ತಿಕ್ಕಿ ಮೀಯಿಸಿದವಳು ನಮ್ಮಮ್ಮ, ಸ್ವಂತ ಮಗಳ ಗಂಟನ್ನು ಬಿಡುತ್ತಾಳಾ? "ರಕ್ತ ಕಟ್ಟಿದ್ದು ಅಷ್ಟೆ, ತಿಕ್ಕಿದರೆ ಕರಗ್ತದೆ" ಎಂದು ದಿನಾ ಒತ್ತಿ ತಿಕ್ಕಿದಳು. ನೀನು ಕಿರುಚಿದಷ್ಟೂ ಒತ್ತಿದಳು. ಗಂಟು ಕಲ್ಲಾಯಿತು. ಆಮೇಲೆ ಕತ್ತು, ಆಮೇಲೆ ಭುಜ...

ಮಂಗಳೂರಿನಲ್ಲಿ ಒಬ್ಬ ಡಾಕ್ಟರು ಗಂಟನ್ನು ಕೊಯ್ದು ಪರೀಕ್ಷೆಗೆ ಕಳಿಸಿದರು. ಕೊಯ್ದಲ್ಲೇ ಇನ್ನೂ ದೊಡ್ಡದು ಬೆಳೆಯಿತು. ಕೊನೆಗೆ ಕಾಸರಗೋಡಿನ ಡಾಕ್ಟರು ನಿನ್ನ ಪಾದ ನೋಡಿದರು, ಒಳಕ್ಕೆ ಬಾಗಿದ ಆ ಗಿಡ್ಡ ಹೆಬ್ಬೆರಳುಗಳನ್ನು.

"ಹುಟ್ಟುವಾಗಲೇ ಹೀಗಿತ್ತಾ?"

"ಹೌದು. ಅದಕ್ಕೆಂತ?" ಎಂದಳು ಅಮ್ಮ.

"ಹಳೇ ಹುಂಜದ ಕಾಲಿನಲ್ಲಿ ಕಡ್ಡಿಯಂಥದ್ದು ಸಿಗ್ತದಲ್ಲ? ಅದು ಮಾಂಸವನ್ನು ಮೂಳೆಗೆ ಕಟ್ಟುವ ಹುರಿ. ಸುಣ್ಣದಂಶ ಕೂತು ಗಟ್ಟಿಯಾಗುವುದು. ಹುಂಜಕ್ಕೆ ಅದು ಸಹಜ. ಇವಳಿಗೆ ಹುರಿ, ಮಾಂಸ ಎಲ್ಲ ನಿಜವಾದ ಮೂಳೆಯೇ ಆಗ್ತಾ ಉಂಟು. ಹುಟ್ಟಿನಿಂದಲೇ ಬಂದ ಕಾಯಿಲೆ, ಈ ಹೆಬ್ಬೆರಳೇ ಅದರ ಗುರುತು. ಗುಣ ಮಾಡುವ ಮದ್ದಿಲ್ಲ. ಪೆಟ್ಟಾದಲ್ಲಿ, ಕೊಯ್ದಲ್ಲಿ, ತಿಕ್ಕಿದಲ್ಲಿ ಇನ್ನೂ ಬೇಗ."

ಆ ಕೊನೆಯ ಮಾತಿಗೆ ಅಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನೀನು ಮಾತ್ರ ಬಸ್ಸಿನಲ್ಲಿ, "ನನ್ನನ್ನು ಸಾರು ಮಾಡಿದರೆ ಬೇಯ್ಲಿಕ್ಕಿಲ್ಲ ಮಾರಾಯ್ತಿ" ಎಂದು ನಕ್ಕೆ. ಅಮ್ಮನೂ ನಗಲಿ ಎಂದಲ್ಲವಾ?

ದವಡೆ ಕಟ್ಟಿದ ಮೇಲೆ ಹಲ್ಲಿನ ಸಂದಿಯಿಂದ ಗಂಜಿನೀರು ಹೊಯ್ಯುತ್ತಿದ್ದೆವು. ಎದೆಗೂಡು ಅರಳದೆ ಉಸಿರೂ ಸಂದಿಯಲ್ಲೇ ನುಸುಳಬೇಕಾಯಿತು. ನೀನು ಹೋದ ದಿನ, ಮಡಚಿ ನಿಂತ ನಿನ್ನ ಕೈಯನ್ನು ಯಾರೋ ನೇರ ಮಾಡಲು ಹೋದರು. "ಒತ್ತಬೇಡಿ! ಅವಳಿಗೆ ನೋವಾಗ್ತದೆ!" ಎಂದು ಅಮ್ಮ ಕೂಗಿದಳು. ನಿನ್ನನ್ನು ಹಾಗೆಯೇ ಚಿತೆಗೆ ಇಟ್ಟೆವು.

ಕಾಯಿಲೆ ಹುಟ್ಟಿನಿಂದಲೇ ಬಂದದ್ದು, ಅಮ್ಮ ತಂದದ್ದಲ್ಲ. ನಾನು ಹೇಳಿದರೆ ಅವಳ ಮನಸ್ಸಿಗೆ ಇಳಿಯುವುದಿಲ್ಲ. ನೀನಾದರೂ ಇದ್ದಿದ್ದರೆ...

ಅಕ್ಕಾ, ನನಗೆ ಮಗಳು ಹುಟ್ಟಿದ್ದಾಳೆ. ಅಮ್ಮ ಮುಖ ನೋಡುವ ಮೊದಲು ಬಟ್ಟೆ ಸರಿಸಿ ಪಾದ ನೋಡಿದಳು. ಹೆಬ್ಬೆರಳುಗಳು ನೆಟ್ಟಗಿವೆ. ಅಮ್ಮ ಅಲ್ಲೇ ಕೂತು ಅತ್ತಳು.

ಆದರೂ ಮಗುವನ್ನು ಮೀಯಿಸಲು ಪಕ್ಕದ ಮನೆಯವರೇ ಬರಬೇಕು. ಊರಿನ ಮಕ್ಕಳನ್ನೆಲ್ಲ ಮೀಯಿಸಿದವಳು ಸ್ವಂತ ಮೊಮ್ಮಗಳಿಗೆ ಎಣ್ಣೆಯ ಬಟ್ಟಲನ್ನೂ ಮುಟ್ಟುವುದಿಲ್ಲ. ಬಚ್ಚಲಿನ ಬಾಗಿಲಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತು, ಸ್ನಾನ ಮುಗಿಯುವವರೆಗೂ ಹೇಳುತ್ತಲೇ ಇರುತ್ತಾಳೆ: "ಮೆಲ್ಲ... ಮೆಲ್ಲ..."