ಪಿತ್ತಕೋಶದ ಕಲ್ಲು

ತಾರೀಖು ೧೧, ಮಂಗಳವಾರ
ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಬೆಂಚು

ನನ್ನ ಗುಂಡಮ್ಮನಿಗೆ,

ಅಮ್ಮನ ಮುದ್ದುಗಳು. ತೂಕ ಇಳಿದ ಮೇಲೆ ಈ ಹೆಸರಿನಿಂದ ಕರೆಯುವುದನ್ನು ಬಿಟ್ಟಿದ್ದೆ, ಇವತ್ತು ತಾನಾಗಿ ಬಂತು. ನಿನ್ನ ಮೂರು ಚೀಟಿಗಳೂ ನರ್ಸಮ್ಮನ ಕೈಯಿಂದ ತಲುಪಿದವು. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಈ ಹಾಳು ಕೆಮ್ಮು ಹೋಗುವ ತನಕ ನನ್ನನ್ನು ನಿನ್ನ ಹತ್ತಿರ ಒಳಗೆ ಬಿಡುವುದಿಲ್ಲವಂತೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬೆಂಚಿನಿಂದ ಲಿಫ್ಟಿಗೆ ನಲವತ್ತೆರಡು ಹೆಜ್ಜೆ. "ಅಮ್ಮಾ, ನೆಲ ಸವೆದುಹೋಗತ್ತೆ, ಸ್ವಲ್ಪ ಕೂತ್ಕೊಳ್ಳಿ," ಅಂತ ವಾಚ್‌ಮನ್ ಗೋಗರೆಯುತ್ತಾನೆ.

ಮೊದಲು ಸುದ್ದಿ. ನಿನ್ನ ಮಗ ಇವತ್ತು ಒಂದು ಕಿಲೋ ನಾನೂರ ಇಪ್ಪತ್ತು ಗ್ರಾಂ. ನಿನ್ನೆಗಿಂತ ಇಪ್ಪತ್ತು ಹೆಚ್ಚು. ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿಬಂದ ಅಳಿಯಂದಿರು ಆ ಇಪ್ಪತ್ತನ್ನು ಮೂರು ಸಲ ಹೇಳಿದರು. ಉಸಿರಾಟದ ಯಂತ್ರ ಇನ್ನೂ ತೆಗೆದಿಲ್ಲ. "ಈ ವಾರ ಕಳೀಲಿ, ಆಮೇಲೆ ಹೇಳ್ತೀನಿ," ಅನ್ನುತ್ತಾರೆ ಮಕ್ಕಳ ಡಾಕ್ಟರು. ವಾರವಾರ ನಿನ್ನನ್ನು ತೂಕದ ಯಂತ್ರ ಹತ್ತಿಸಿ ಮುಳ್ಳು ಇಳಿಯಲಿ ಅಂತ ಬೇಡಿಕೊಂಡವಳು ನಾನು. ಈಗ ಏರಲಿ ಅಂತ ಕೈಮುಗಿಯುತ್ತಿದ್ದೇನೆ.

ಅವನಿಗೊಂದು ಟೋಪಿ ಹೊಲಿಯುತ್ತಿದ್ದೇನೆ. ಮೂವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದವಳು, ಎರಡು ಸಲವೂ ದೊಡ್ಡದು ಮಾಡಿ ಬಿಚ್ಚಿದೆ. ಅಷ್ಟು ಚಿಕ್ಕ ತಲೆಯ ಅಳತೆ ನನ್ನ ಕೈಗೆ ಗೊತ್ತಿಲ್ಲ.

"ಅಂಗಡೀಲಿ ಬಟ್ಟೆ ಗಂಟು ಎತ್ತಬಾರದಿತ್ತು ಅಮ್ಮ, ನನ್ನಿಂದಲೇ ಮಗೂಗೆ ಹೀಗಾಯ್ತು," ಅಂತ ಮೂರು ಚೀಟಿಯಲ್ಲೂ ಬರೆದಿದ್ದೀಯ. ಅಲ್ಲ ಕಂದ. ಮದುವೆಗೆ ಮುಂಚೆ ತೂಕ ಇಳಿಸಲು ನಿನ್ನ ಹೊಟ್ಟೆ ಕಿರಿದು ಮಾಡಿ ಕರುಳು ಜೋಡಿಸಿದ್ದರಲ್ಲ, ಅಲ್ಲೊಂದು ಸಂದಿ ಇತ್ತಂತೆ. "ಗರ್ಭ ಬೆಳೀತಾ ಕರುಳನ್ನ ಮೇಲಕ್ಕೆ ತಳ್ಳಿದೆ. ಅದು ಆ ಸಂದೀಲಿ ಸಿಕ್ಕೊಂಡು ತಿರುಚಿಕೊಂಡಿದೆ. ಗಂಟು ಎತ್ತಿದ್ದಕ್ಕೆ ಆಗಿದ್ದಲ್ಲ," ಅಂತ ಸರ್ಜನ್ನೇ ಹೇಳಿದರು. ಅದನ್ನು ಬಿಡಿಸಲೆಂದೇ ಕೂಸನ್ನು ತಿಂಗಳು ತುಂಬುವ ಮೊದಲೇ ತೆಗೆದದ್ದು.

ಹಾಗಾದರೆ ಡಾಕ್ಟರು ಒಂದೂವರೆ ದಿನ ಬರೀ ಬಸುರಿ ವಾಂತಿ ಅಂತ ಯಾಕೆ ಬಿಟ್ಟರು ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಲಿಫ್ಟಿನವರೆಗೆ ಹೋಗಿಬರುತ್ತೇನೆ.

ಕೊಟ್ಟದ್ದನ್ನು ಗುಟುಕು ಗುಟುಕಾಗಿ ಕುಡಿ. ಹೊಲಿಗೆ ಒಣಗಲಿ. ನೀನೂ ನಿನ್ನ ಕೂಸೂ ನೂರು ವರ್ಷ ಬಾಳಿ.

ನಿನ್ನ
ಅಮ್ಮ

ತಾ.ಕ.: ಲಿಫ್ಟಿನವರೆಗೆ ನಡೆದದ್ದು ಸಾಕು, ಹೇಳಿಬಿಡುತ್ತೇನೆ. ಆ ಆಪರೇಷನ್ ವಿಷಯ ಗಂಡನ ಮನೆಯಲ್ಲಿ ಬಾಯಿ ಬಿಡಬೇಡ ಅಂತ ನಿನ್ನಿಂದ ಮಾತು ತೆಗೆದುಕೊಂಡಿದ್ದೆನಲ್ಲ. ನಿನ್ನ ಡಾಕ್ಟರು ರಜೆಯಲ್ಲಿದ್ದರು, ಅಳಿಯಂದಿರು ಕೆಲಸದ ಮೇಲೆ ದೂರ ಹೋಗಿದ್ದರು. ನೋವಿಗೆ ನಿನಗೆ ಮಾತೇ ಹೊರಡುತ್ತಿರಲಿಲ್ಲ. ಇಲ್ಲಿಯ ಡಾಕ್ಟರು ಹೊಟ್ಟೆಯ ಮೇಲಿನ ಸಣ್ಣ ಗುರುತುಗಳನ್ನು ನೋಡಿ, "ಇದ್ಯಾವ ಆಪರೇಷನ್?" ಅಂತ ನನ್ನನ್ನು ಕೇಳಿದರು. ಪಕ್ಕದಲ್ಲೇ ನಿನ್ನ ಅತ್ತೆ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ, "ಪಿತ್ತಕೋಶದ ಕಲ್ಲು," ಅಂದೆ. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಅದನ್ನೇ ಅಂದೆ. ಮರುದಿನ ನಿನ್ನ ತುಟಿ ಬಿಳಿಚಿಕೊಂಡ ಮೇಲೆಯೇ ಓಡಿಹೋಗಿ ಡಾಕ್ಟರಿಗೆ ನಿಜ ಹೇಳಿದ್ದು.

ನಿನ್ನೆ ಬೀಗಿತ್ತಿಯ ಕಾಲು ಹಿಡಿಯಲು ಹೋದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. "ನಿಮ್ಮ ಮಗಳು ಮದುವೆಗೆ ಮುಂಚೇನೇ ನಮಗೆಲ್ಲ ಹೇಳಿದ್ಲು. ನೀವು ಕಲ್ಲು ಅಂದಾಗ, ಡಾಕ್ಟರ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ ನಾನೂ ಹೌದು ಅಂತ ತಲೆ ಆಡಿಸಿದೆ."