ಗುರಮ್ಮ, ಹಾಲಿ, ಎಕಂಬಾ

ಸಂತಪುರ
ತಾ. ೧೦-೬-೧೯೭೩

ಶ್ರೀ ಶಿವರಾಜಪ್ಪ ಮಾಸ್ತರ ಅವರಿಗೆ ರುಕ್ಮಿಣಿಬಾಯಿಯ ಶರಣಾರ್ಥಿ.

ಗಂಡನ ಹೆಸರನ್ನು ಹೀಗೆ ಬಿಡಿಸಿ ಬರೆದೆನೆಂದು ಹುಬ್ಬು ಗಂಟಿಕ್ಕಬೇಡಿ. ಹನ್ನೆರಡು ವರ್ಷ ನಾನು ಬಾಯಲ್ಲಿ ಆಡದ ಹೆಸರು ಅದು. ‘ನಮ್ಮವರಿಗೆ’ ಎಂದು ಬರೆಯೋಣವೆಂದರೆ ನೀವು ಯಾರ ಯಾರವರೋ ಎಂಬ ಅನುಮಾನ ಇನ್ನೂ ಹೋಗಿಲ್ಲ.

ನಿಮ್ಮ ಮೂರು ಕಾರ್ಡುಗಳು ಮುಟ್ಟಿವೆ. ಮೂರರಲ್ಲೂ ನನ್ನ ಆರೋಗ್ಯ ಕೇಳಿದ್ದು ಒಂದು ಸಾಲು, ನಾನು ಎತ್ತಿ ತಂದ ನಾಣ್ಯಗಳ ಆರೋಗ್ಯ ಕೇಳಿದ್ದು ಹತ್ತು ಸಾಲು. ಯಾರವು, ಯಾಕೆ ಬಂದವು ಎಂದರೆ ‘ಮಾತು ಕೊಟ್ಟಿದ್ದೇನೆ, ಬರೆಯಲಾರೆ’ ಎನ್ನುತ್ತೀರಿ. ಹೆಂಡತಿಗೂ ಹೇಳಲಾಗದ ಮಾತನ್ನು ಯಾರಿಗೆ ಕೊಟ್ಟಿರಿ? ಕಳೆದ ತಿಂಗಳು ನೀವೇ ಇಲ್ಲಿ ನನ್ನ ತವರಿಗೆ ಬಂದು ಪಡಸಾಲೆಯಲ್ಲಿ ಕೂತಾಗ ನಾನು ಒಳಗಿದ್ದೆ. ಅಣ್ಣ ಎರಡು ಸಲ ಕೇಳಿದರೂ ನೀವು ಬಾಯಿ ಬಿಡಲಿಲ್ಲ. ಚಹಾ ಕುಡಿದು, ‘ನಾಣ್ಯ ಒಂದರಾಗೊಂದು ಕೂಡಿಸಬ್ಯಾಡ ಅಂತ ಹೇಳ್ರಿ’ ಎಂದಷ್ಟೇ ಹೇಳಿ ಎದ್ದುಹೋದಿರಿ. ಬಾ ಎಂದು ಒಂದು ಸಲ ಕರೆದಿದ್ದರೆ ಬಂದುಬಿಡುತ್ತಿದ್ದೆನೋ ಏನೋ.

ನನ್ನ ಅನುಮಾನ ನಿನ್ನೆ ಮೊನ್ನೆಯದಲ್ಲ. ನಿಮ್ಮ ರುಚಿ ಬದಲಾಗುತ್ತ ಬಂದದ್ದನ್ನು ಪಕ್ಕದಲ್ಲೇ ಕೂತು ನೋಡಿದವಳು ನಾನು. ಮದುವೆಯಾದ ಹೊಸದರಲ್ಲಿ ನಿಮಗೆ ಬೇಕಾಗಿದ್ದದ್ದು ತಾಮ್ರದ ದುಡ್ಡು. ಭಾನುವಾರ ಬಂತೆಂದರೆ ಸೈಕಲ್ಲು ಹತ್ತಿ ಹಳ್ಳಿಗಳಿಗೆ ಹೋಗುವಿರಿ. ನೇಗಿಲಿಗೆ ಸಿಕ್ಕಿದ, ಹಸಿರು ಹಿಡಿದ ಬಹಮನಿ ದುಡ್ಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು, ಇದು ಈ ಸುಲ್ತಾನನದು, ಅದು ಅವನ ಅಪ್ಪನದು ಎಂದು ನನಗೆ ಪಾಠ ಹೇಳುವಿರಿ. ಒಂದು ದಿನ ಕೊಳೆ ಹೋಗಲಿ ಎಂದು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿಟ್ಟೆ. ಎರಡು ದಿನ ನೀವು ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಭಾಲ್ಕಿಯ ಬಟ್ಟೆ ಅಂಗಡಿಯ ಮಲ್ಲಿಕಾರ್ಜುನಪ್ಪನವರ ಪರಿಚಯವಾಯಿತು. ಅವರೂ ನಾಣ್ಯದ ಹುಚ್ಚಿನವರೇ. ಅವರ ಗಾಳಿ ತಾಗಿದ್ದೇ ತಡ, ತಾಮ್ರವೆಲ್ಲ ಉಪ್ಪಿನಕಾಯಿ ಭರಣಿ ಸೇರಿತು. ಇನ್ನೇನಿದ್ದರೂ ನಿಜಾಮನ ಬೆಳ್ಳಿಯ ಹಾಲಿ ರೂಪಾಯಿ. ಅದೂ ಚಾರಮಿನಾರಿನ ಗೆರೆ ಗೆರೆ ಎದ್ದು ಕಾಣಬೇಕು, ಯಾರ ಕೈಯೂ ಸೋಕಿರಬಾರದು. ಸರಕ್ಕೆ ಪೋಣಿಸಲು ಪತ್ತಾರನಿಂದ ಕೊಂಡಿ ಹಚ್ಚಿಸಿದ ರೂಪಾಯಿಯನ್ನು ಮುದುಕನೊಬ್ಬ ತಂದಾಗ ನೀವು ಕೈಯಲ್ಲೂ ಹಿಡಿಯಲಿಲ್ಲ. ‘ಕೊಂಡಿ ಬಿದ್ದದ್ದು ಸತ್ತ ನಾಣ್ಯ’ ಎಂದು ಮೂಗು ಮುರಿದಿರಿ. ಪಾಪ, ಅವನು ಬಿಸಿಲಲ್ಲಿ ಬಂದ ದಾರಿಯಲ್ಲೇ ಹೋದ.

ಅಂಥ ನಿಮಗೆ ಹೋದ ದಸರೆಯ ಹೊತ್ತಿಗೆ ಏನಾಯಿತು? ಮಳೆ ಕೈಕೊಟ್ಟು ಔರಾದ ತಾಲೂಕಿನ ಮಂದಿ ಗಂಟು ಕಟ್ಟಿಕೊಂಡು ಸೊಲ್ಲಾಪುರ, ಪುಣೆ ಎಂದು ಹೊರಟ ದಿನಗಳವು. ಆಗಲೇ ನಮ್ಮ ಮೈಲೂರಿನ ಮನೆಗೆ ಕೊಂಡಿಯ ನಾಣ್ಯಗಳು ಒಂದೊಂದಾಗಿ ಬರತೊಡಗಿದವು. ಸವೆದು ಚಾರಮಿನಾರೇ ಮಾಯವಾದವು, ಕೊಂಡಿಗೆ ಕರಿದಾರದ ಎಳೆ ಅಂಟಿಕೊಂಡವು. ಅವನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಈ ಮಗ್ಗಲು ಮೈಗೆ ಹತ್ತಿ ಸವದದ ನೋಡು. ಅಕ್ಷರ ಎಲ್ಲಾದ್ರಾಗೂ ಒಂದ, ಸವಕಳಿ ಮಾತ್ರ ಒಬ್ಬೊಬ್ಬರದು ಬ್ಯಾರೆ’ ಎಂದಿರಿ. ಯಾರ ಮೈ ಎಂದು ಆಗಲೇ ಕೇಳಬೇಕಿತ್ತು. ಹೆಂಗಸಿನ ಕೊರಳಿಗೆ ನಾಣ್ಯ ಎಲ್ಲಿ ತಾಗುತ್ತದೆ ಎಂದು ಇಷ್ಟು ಸೂಕ್ಷ್ಮವಾಗಿ ಬಲ್ಲ ಗಂಡ ಯಾವ ಹೆಂಡತಿಗೆ ನಿದ್ದೆ ಕೊಟ್ಟಾನು?

ಯುಗಾದಿಯ ಮರುದಿನ, ನೀವು ಶಾಲೆಗೆ ಹೋದ ಮೇಲೆ, ಟ್ರಂಕು ತೆಗೆದೆ. ಹದಿನಾಲ್ಕು ನಾಣ್ಯಗಳು. ಒಂದೊಂದೂ ಒಂದೊಂದು ಚೀಟಿಯಲ್ಲಿ, ಚೀಟಿಯ ಮೇಲೆ ನಿಮ್ಮ ಮುತ್ತಿನಂಥ ಅಕ್ಷರ: ‘ಗುರಮ್ಮ, ಹಾಲಿ, ಎಕಂಬಾ.’ ‘ಕುಬರಾ, ಹಾಲಿ, ಔರಾದ.’ ‘ಅಕ್ತರಬೀ, ಹಾಲಿ, ಮೈಲೂರ.’ ನಿಮ್ಮ ಶಾಲೆಯ ಅರ್ಜಿಗಳಲ್ಲಿ ‘ಹಾಲಿ ಮುಕ್ಕಾಮು’ ಎಂದು ಬರೆಯುವುದನ್ನು ನೋಡಿ ನೋಡಿ ನನ್ನ ಕಣ್ಣಿಗೆ ಅದೇ ಕಂಡಿತು: ಗುರಮ್ಮ ಸದ್ಯ ಎಕಂಬಾದಲ್ಲಿದ್ದಾಳೆ, ಅಕ್ತರಬೀ ಸದ್ಯ ಮೈಲೂರಿನಲ್ಲಿ, ಅಂದರೆ ನಮ್ಮ ಓಣಿಯಲ್ಲೇ. ಹದಿನಾಲ್ಕು ಹೆಂಗಸರ ಸದ್ಯದ ವಿಳಾಸ ಇಟ್ಟುಕೊಂಡ ಗಂಡಸು! ಆ ನಾಣ್ಯಗಳನ್ನೂ ಗಂಟು ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ತವರಿಗೆ ಬಂದುಬಿಟ್ಟೆ.

ವಾರದ ಮೇಲೆ ಎಕಂಬಾಕ್ಕೆ ಹೋದೆ. ಆ ಗುರಮ್ಮನ ಮುಖ ಒಮ್ಮೆ ನೋಡಬೇಕಿತ್ತು. ಬಾಗಿಲಿಗೆ ಮುಳ್ಳುಕಂಟಿ ಬಡಿದಿತ್ತು. ನೆರೆಮನೆಯಾಕೆ, ‘ಅಕಿ ದೀಪಾವಳಿ ಮುಂದನ ಪುಣೆ ಕಡಿ ಕಲ್ಲು ಒಡ್ಯಾಕ ಹೋಗ್ಯಾಳ್ರಿ’ ಎಂದಳು. ಸದ್ಯ ಎಕಂಬಾದಲ್ಲಿ ಆಕೆ ಇಲ್ಲವೇ ಇಲ್ಲ! ಆಗ ತಲೆಗೆ ಹೊಳೆಯಿತು, ಹಾಲಿ ಎಂದರೆ ಮುಕ್ಕಾಮಲ್ಲ, ರೂಪಾಯಿ. ಹುಟ್ಟಿದಾಗಿನಿಂದ ಹಾಲಿ ರೂಪಾಯಿ ಎಂಬ ಮಾತು ಕೇಳಿ ಬೆಳೆದವಳು ನಾನು, ಸಿಟ್ಟಿನಲ್ಲಿ ಅದೂ ಮರೆತಿತ್ತು. ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಔರಾದ ಬರುವುದರೊಳಗೆ ಆ ನಗು ಹೋಯಿತು. ಊರು ಬಿಡುವ ಹೆಂಗಸರ ಕೊರಳಿನ ರೂಪಾಯಿ ನಿಮ್ಮ ಟ್ರಂಕಿಗೆ ಯಾಕೆ ಬಂತು? ಇದೇ ವರ್ಷ ಮಲ್ಲಿಕಾರ್ಜುನಪ್ಪನವರು ಬಸ್‌ಸ್ಟ್ಯಾಂಡಿನಲ್ಲೇ ನಿಂತು ಇಂಥವನ್ನು ತೂಕಕ್ಕೆ ತೆಗೆದುಕೊಂಡು ಕರಗಿಸಿದ್ದನ್ನು ಭಾಲ್ಕಿಯೆಲ್ಲ ಆಡಿಕೊಳ್ಳುತ್ತಿದೆ. ನೀವೂ ಅವರ ಪಕ್ಕ ನಿಂತಿರೋ? ನಿಜ ಹೇಳಲೆ? ಹೆಣ್ಣಿನ ಅನುಮಾನವೇ ವಾಸಿಯಿತ್ತು. ಅವಳ ಜುಟ್ಟು ಹಿಡಿದು ಜಗಳವನ್ನಾದರೂ ಆಡಬಹುದಿತ್ತು.

ನೀವು ಪರೀಕ್ಷೆಯ ಕೆಲಸಕ್ಕೆ ಭಾಲ್ಕಿಗೆ ಹೋಗಿದ್ದ ದಿನ ಮೈಲೂರಿಗೂ ಬಂದಿದ್ದೆ. ನಿಮಗೆ ಗೊತ್ತಿಲ್ಲ. ಅಕ್ತರಬೀ ಎಂದರೆ ಓಣಿಯ ಕೊನೆಯ ಮನೆಯ ಹಲ್ಲಿಲ್ಲದ ಮುದುಕಿ. ‘ಮಾಸ್ತರ್ ಸಾಬ್ ತಗೊಂಡಿಲ್ಲ ಬಾಯಿ, ಇಟ್ಕೊಂಡಾರ. ಮನ್ಯಾಗಿದ್ರ ಗಂಡಸರು ಮಾರಕೊಂಡು ತಿಂತಾರಂತ ಎಲ್ಲಾರೂ ಅವರ ಕಡಿ ಕೊಟ್ಟು ಹೋಗ್ಯಾರ’ ಎಂದಳು. ಇಟ್ಟುಕೊಳ್ಳುವುದು ಎಂಬ ಮಾತು ಹೆಂಡತಿಯ ಕಿವಿಗೆ ಹೇಗೆ ಬೀಳುತ್ತದೆಂದು ಆಕೆಗೇನು ಗೊತ್ತು. ಆಕೆ ಹೇಳಿದ್ದು ನಿಜವಿರಬಹುದು. ನೀವು ಹೇಳಿಕೊಟ್ಟದ್ದೂ ಇರಬಹುದು. ಚಹಾಕ್ಕೆ ಹಾಕಲು ಆಕೆಯ ಮನೆಯಲ್ಲಿ ಸಕ್ಕರೆ ಎಲ್ಲಿಂದ ಬಂತು, ನೀವು ಕೊಟ್ಟದ್ದೋ ಎಂದೂ ನಾನು ನೋಡಿದೆ. ಇಂಥವಳನ್ನು ಮಾಡಿಟ್ಟಿದ್ದೀರಿ ನನ್ನನ್ನು.

ಕೊನೆಯ ಮಾತು. ನಾಣ್ಯಗಳನ್ನು ಕೊಂಡಿರೋ, ಅವರಿಗಾಗಿ ಕಾದಿಟ್ಟಿರೋ, ಕೈಯಾರೆ ಬರೆದು ತಿಳಿಸಿ. ಕಾದಿದ್ದರೆ ಮೈಲೂರಿಗೆ ಬರುತ್ತೇನೆ. ಕೊಂಡಿದ್ದರೆ ಹೊಳೆ ಹರಿದರೂ ಬರುವುದಿಲ್ಲ, ಅಣ್ಣನ ಮನೆಯಲ್ಲೇ ರೊಟ್ಟಿ ಬಡಿದುಕೊಂಡು ಇರುತ್ತೇನೆ. ನಿಮ್ಮ ನಾಣ್ಯಗಳ ಚಿಂತೆ ಬೇಡ. ತಂದಾಗ ಹೇಗಿದ್ದವೋ ಹಾಗೆಯೇ ಇವೆ, ಚೀಟಿ ಸಮೇತ.

ಇಂತಿ,
ಉತ್ತರದ ದಾರಿ ಕಾಯುವ
ರುಕ್ಮಿಣಿಬಾಯಿ

ತಾ.ಕ. (ತಾ. ೧೩)
ಟಪಾಲಿಗೆ ಹಾಕಲು ಮನಸ್ಸಾಗದೆ ಮೂರು ದಿನ ಇಟ್ಟುಕೊಂಡಿದ್ದೆ. ಈಗ ನೆರೆಮನೆಯ ನರಸಿಂಗನ ಕೈಯಲ್ಲಿ ಬಸ್ಸಿಗೆ ಕಳಿಸುತ್ತಿದ್ದೇನೆ. ಮಳೆ ಬಿದ್ದ ಸುದ್ದಿ ಕೇಳಿ ಹೋದವರು ತಿರುಗಿ ಬರುತ್ತಿದ್ದಾರೆ. ಇಂದು ಬೆಳಿಗ್ಗೆ ಗುರಮ್ಮ ತಲೆಯ ಮೇಲಿನ ಗಂಟು ಇಳಿಸದೆಯೇ ನಮ್ಮ ಬಾಗಿಲಿಗೆ ಬಂದಳು. ‘ನಾ ಸಿಗದಿದ್ರ ನಮ್ಮ ಮನಿಯವರ ಕಡಿ ಹೋಗ್ರಿ, ಅವರು ಕೊಡ್ತಾರ ಅಂತ ಮಾಸ್ತರು ಹೇಳ್ಯಾರ್ರಿ. ನೀವು ತವರಿಗೆ ಬಂದೀರಂತ ಬಸ್ಸಿನಾಗ ಕೇಳಿದೆ’ ಎಂದಳು. ಆಕೆ ಪುಣೆಗೆ ಹೊರಡುವ ದಿನವೇ ಹಾಗೆ ಹೇಳಿದ್ದಿರಂತೆ. ನನಗೆ ನಿಂತಲ್ಲೇ ಅಳು ಬಂತು.

ಚೀಟಿ ಸಮೇತ ಇವೆ ಎಂದು ಮೇಲೆ ಬರೆದದ್ದು ಸುಳ್ಳು. ಬಂದ ದಿನವೇ ಹದಿನಾಲ್ಕೂ ಚೀಟಿ ಒಲೆಗೆ ಹಾಕಿದೆ. ನಾಣ್ಯಗಳು ಒಂದೇ ಗಂಟಿನಲ್ಲಿವೆ. ತಟ್ಟೆಯಲ್ಲಿ ಸುರಿದು, ನಿನ್ನದು ತೆಗೆದುಕೋ ಎಂದೆ. ಅಷ್ಟರಲ್ಲಿ ಔರಾದಿನಿಂದ ಕುಬರಾಳೂ ಬಂದಳು. ಇಬ್ಬರೂ ಒಂದೇ ನಾಣ್ಯದ ಮೇಲೆ ಕೈ ಇಟ್ಟರು. ಇಬ್ಬರದೂ ಅವ್ವ ಕೊಟ್ಟದ್ದಂತೆ. ಮಧ್ಯಾಹ್ನವಾಯಿತು, ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಾರೆ, ರೊಟ್ಟಿ ಕೊಟ್ಟರೂ ಮುಟ್ಟಲಿಲ್ಲ. ಇನ್ನೂ ಹನ್ನೆರಡು ಮಂದಿ ಬರಬೇಕು.

ಸವಕಳಿ ನೋಡಿ ಇದು ಯಾರದೆಂದು ಹೇಳಬಲ್ಲವರು ನೀವೊಬ್ಬರೇ. ಈ ಪತ್ರ ಮುಟ್ಟಿದ ಕೂಡಲೇ ಹೊರಡಿ. ‘ನಮ್ಮ ಹೆಸರಿನ ಚೀಟಿ ಎಲ್ಲಿ ಅವ್ರಿ ಬಾಯಾರ?’ ಎಂದು ಗುರಮ್ಮ ಕೇಳಿದಾಗ ಸುಟ್ಟೆ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾಸ್ತರರ ಹತ್ತಿರ ಇವೆ ಎಂದುಬಿಟ್ಟೆ. ಬಂದಾಗ ಚೀಟಿ ನನ್ನ ಹತ್ತಿರ ಇಲ್ಲ ಎನ್ನಬೇಡಿ.