ಅಬು ನವಾಫ್ ಮುಟ್ಟದ ಕಾಫಿ

ಸೋಮವಾರ, ಜುಲೈ 22. ಕರಕ್, ಜೋರ್ಡಾನ್.

ಕಾಫಿ ಬಟ್ಟಲು ಇನ್ನೂ ಚಾಪೆಯ ಮೇಲೇ ಇದೆ. ತೊಳೆಯಲು ಮನಸ್ಸು ಬರುತ್ತಿಲ್ಲ.

ಬೆಳಿಗ್ಗೆ ಫೈರಿಂಗ್ ರೇಂಜಿನಲ್ಲಿ ಹೊಸ ಪೊಲೀಸರಿಗೆ ಎಂದಿನ ಪಾಠ ಹೇಳಿದೆ: “ಮೇಲಕ್ಕೆ ಹಾರಿಸಿದ ಗುಂಡು ಆಕಾಶದಲ್ಲೇ ಉಳಿಯಲ್ಲ ಕಣ್ರೋ, ಯಾರದೋ ತಲೆ ಹುಡುಕ್ಕೊಂಡು ಕೆಳಗೆ ಬರುತ್ತೆ.” ಎಲ್ಲರೂ ತಲೆಯಾಡಿಸಿದರು. ಅಲ್ಲಿ ಹೇಳುವುದು ಸುಲಭ.

ಸಂಜೆ ಪಕ್ಕದ ಮನೆಯ ಅಬು ನವಾಫ್ ಬಂದರು, ನಾನು ಚಿಕ್ಕಪ್ಪ ಎಂದೇ ಕರೆಯುವ ಹಿರಿಯರು. ಮೊನ್ನೆ ಮದುವೆಯಲ್ಲಿ ಖುಷಿಗೆ ಪಿಸ್ತೂಲು ಹಾರಿಸಿದ ಅವರ ಮೊಮ್ಮಗನ ಮೇಲೆ ದೂರು ಕೊಟ್ಟು ಠಾಣೆಗೆ ಒಪ್ಪಿಸಿದವನು ನಾನೇ. ಕಾಫಿ ಕೊಟ್ಟೆ. ಬಟ್ಟಲನ್ನು ಕೆಳಗಿಟ್ಟು ಕೂತರು. ನಮ್ಮಲ್ಲಿ ಬೇಡಿಕೆ ಹೊತ್ತು ಬಂದ ಹಿರಿಯರು ಅದು ಈಡೇರುವವರೆಗೆ ಕಾಫಿ ಮುಟ್ಟುವುದಿಲ್ಲ.

“ದೂರು ವಾಪಸ್ ತಗೋ ಗಾಲಿಬ್, ಕುಡೀತೀನಿ. ನಿನ್ ಹೆಂಡ್ತಿ ಸತ್ತಾಗ ಮೂರು ದಿನ ನಿನ್ನ ಒಲೆ ಹಚ್ಚೋಕೆ ಬಿಟ್ಟಿದ್ವಾ ನಾವು?”

“ಇಲ್ಲ ಚಿಕ್ಕಪ್ಪ.”

“ನಮ್ಮ ಪೊಲೀಸ್ ಅಂತ ಇಡೀ ಓಣಿ ನಿನ್ನ ತಲೆ ಮೇಲೆ ಹೊತ್ಕೊಂಡಿತ್ತು.”

“ಅದೊಂದು ಆಗಲ್ಲ ಚಿಕ್ಕಪ್ಪ.”

ಎದ್ದರು. ಅವರಿಗೆ ಮಂಡಿನೋವು. ಯಾವಾಗಲೂ ನನ್ನ ಭುಜ ಹಿಡಿದು ಮೆಟ್ಟಿಲು ಇಳಿಯುತ್ತಿದ್ದವರು ಇಂದು ಗೋಡೆ ಹಿಡಿದು ಇಳಿದರು.

ಮಾಡಿದ್ದು ಸರಿಯೇ. ಆದರೆ ಮನಸ್ಸಿಗೆ ಬೇಸರವಾದಾಗ ಹೋಗಿ ಕೂರಲು ನನಗಿದ್ದದ್ದು ಅವರದೊಂದೇ ಮನೆ.